ಬಣ್ಣ ಬೇರೆ ಇದ್ರೆ ಹೊಸ ಹಾವಾ? ಅಲ್ಲ ಮಾರಾಯ್ರೆ

ಈ ತಿಂಗಳೂ ಅದೇ ಪ್ರಶ್ನೆ, ಈ ಸಲ ತೀರ್ಥಹಳ್ಳಿ ಕಡೆಯಿಂದ: ‘ಸರ್, ತೋಟದಲ್ಲಿ ಕಪ್ಪು ಮೈಗೆ ಹಳದಿ ಪಟ್ಟೆ ಇರೋ ಹಾವು ಕಂಡಿತು, ಗೂಗಲ್‌ನಲ್ಲಿ ಯಾವುದಕ್ಕೂ ಮ್ಯಾಚ್ ಆಗ್ತಿಲ್ಲ. ಹೊಸ ಪ್ರಭೇದಾನಾ? ನನ್ನ ಹೆಸರು ಇಡಬಹುದಾ?’

ಅದು ಕಾಳಿಂಗದ ಮರಿ. ನೀವೇ ಕಳಿಸಿದ ಫೋಟೋ ಜೂಮ್ ಮಾಡಿ, ನೆತ್ತಿಯ ಹಿಂದೆ ಅಗಲವಾದ ಜೋಡಿ ಹುರುಪೆ ಇದೆಯಲ್ಲ, ಅದು ನಾಗರಹಾವಿಗೆ ಇರಲ್ಲ. ಬೆಳೀತಾ ಬೆಳೀತಾ ಈ ಹಳದಿ ಮಂಕಾಗುತ್ತೆ. ಮರಿಗೂ ವಿಷ ಇದೆ, ಇನ್ನೊಂದು ಫೋಟೋಗೆ ಅಂತ ಹತ್ರ ಹೋಗ್ಬೇಡಿ.

ಹೊಸ ಪ್ರಭೇದ ಅನ್ನೋಕೆ ಎಷ್ಟು ಕಷ್ಟ ಅಂತ ಇದೇ ಹಾವು ನೋಡಿ ಕಲೀರಿ. 1836ರಲ್ಲಿ ಕ್ಯಾಂಟರ್ ಅನ್ನೋ ಪ್ರಾಣಿಶಾಸ್ತ್ರಜ್ಞ ‘ಹನ್ನಾ’ ಅಂತ ಹೆಸರಿಟ್ಟ ಮೇಲೆ ಏಷ್ಯಾದ ಕಾಳಿಂಗ ಎಲ್ಲಾ ಒಂದೇ ಅಂತ ಲೆಕ್ಕ ಇತ್ತು. 2021ರಲ್ಲಿ ಡಿಎನ್‌ಎ ನೋಡಿ ಅದರಲ್ಲಿ ನಾಲ್ಕು ಬೇರೆ ಬೇರೆ ವಂಶದ ಕವಲು ಇದೆ ಅಂತ ಗೊತ್ತಾಯ್ತು, ಆದ್ರೂ ಹೆಸರಿಡೋಕೆ ಅಷ್ಟೇ ಸಾಲ್ದು, ಆಗುಂಬೆಯ ಗೌರಿ ಶಂಕರ್ ಮತ್ತು ಜೊತೆಗಾರರು ಮ್ಯೂಸಿಯಂಗಳ 153 ಹಾವುಗಳನ್ನ ನೋಡಿ 2024ರಲ್ಲಿ ಪ್ರಕಟ ಮಾಡಿದ್ರು. ಘಟ್ಟದ್ದಕ್ಕೆ ನಮ್ಮ ಕನ್ನಡದ ಹೆಸರೇ, ಓಫಿಯೋಫೇಗಸ್ ಕಾಳಿಂಗ. ಬೆಳೆದ ಹಾವಿನ ಮೈಮೇಲೆ 40ಕ್ಕಿಂತ ಕಡಿಮೆ ಪಟ್ಟೆ, ಹನ್ನಾ ಅನ್ನೋ ಹೆಸರು ಉಳಿಸ್ಕೊಂಡ ಉತ್ತರದ ಕಾಳಿಂಗಕ್ಕೆ 50ರಿಂದ 70. ಮಲೇಷ್ಯಾ ಕಡೆಯದಕ್ಕೆ 1837ರ ಬುಂಗಾರಸ್ ಅನ್ನೋ ಹಳೇ ಹೆಸರು ಮೊದಲೇ ಇತ್ತು, ಹಾಗಾಗಿ ಅದನ್ನೇ ಎಬ್ಬಿಸಿದ್ರು, ಹೊಸದು ಇಡೋ ಹಾಗಿಲ್ಲ. ನೀವು ಕಂಡಿದ್ದಕ್ಕೂ ಯಾರೋ ಬ್ರಿಟಿಷ್ ಡಾಕ್ಟರು ನೂರೈವತ್ತು ವರ್ಷದ ಹಿಂದೆ ಹೆಸರಿಟ್ಟು ಹೋಗಿರ್ತಾರೆ, ಅದನ್ನೆಲ್ಲ ಹುಡುಕೋದೇ ಅರ್ಧ ಕೆಲಸ. ಇನ್ನರ್ಧ ಎಣಿಸೋದು. ಸ್ಪಿರಿಟ್‌ನಲ್ಲಿಟ್ಟ ಹಾವನ್ನ ಟ್ರೇ ಮೇಲೆ ಮಲಗಿಸಿ, ಹೊಟ್ಟೆ ಹುರುಪೆಗಳನ್ನ ಗಂಟಲಿಂದ ಶುರುಮಾಡಿ ಹತ್ತಕ್ಕೊಂದು ಗುಂಡುಪಿನ್ನು ಇಡ್ತಾ ಹೋಗ್ಬೇಕು, ಇನ್ನೂರು ದಾಟಿರುತ್ತೆ, ಅಷ್ಟೊತ್ತಿಗೆ ಫೋನ್ ಬರುತ್ತೆ, ಮತ್ತೆ ಒಂದರಿಂದ. ನನಗೆ ಹಾಗೆ ಎಷ್ಟು ಸಲ ಆಗಿದೆಯೋ.

ನಿಮ್ಮ ಹೆಸರು? ತನ್ನ ಹೆಸರನ್ನ ತಾನೇ ಇಟ್ಕೊಳ್ಳೋದು ನಮ್ಮಲ್ಲಿ ಮರ್ಯಾದೆ ಅಲ್ಲ.

‘ಕಾಳಿಂಗದ ತಲೇಲಿ ನಾಗಮಣಿ?’ ಇಲ್ಲ. ಮುಂದೆ.

‘ಕಚ್ಚಿದ್ರೆ ಹಾವಿನ ಕಲ್ಲು ವಿಷ ಎಳೆಯುತ್ತಂತೆ?’ ಎಳೆಯಲ್ಲ, ಅದನ್ನ ಮಾರೋನು ನಿಮ್ಮ ಟೈಮ್ ಎಳೀತಾನೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗೋ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಕಾಳಿಂಗಕ್ಕಲ್ಲ. ಹಾಗಂತ ಮನೇಲಿ ಕೂರಬೇಡಿ, ಉಸಿರು ನಿಂತ್ರೆ ವೆಂಟಿಲೇಟರ್ ಬೇಕು, ಅದಿರೋ ದೊಡ್ಡ ಆಸ್ಪತ್ರೆಗೇ ಓಡಿ.