ಹಳೆ ಝಡ್4ಗೆ ಮತ್ತೆ ರನ್‌ಫ್ಲ್ಯಾಟ್ ಹಾಕಿಸಬೇಕಾ, ನಾರ್ಮಲ್ ಟೈರ್ ಸಾಕಾ?

2011ರ ಬಿಎಂಡಬ್ಲ್ಯು ಝಡ್4 (ಟಾಪ್ ಮಡಚುವ ಎರಡು ಸೀಟಿನ ಕಾರು) ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ, ಇರುವುದು ಮೈಸೂರಲ್ಲಿ, ಟೈರಿನ ಬಟನ್ (ನೆಲಕ್ಕೆ ತಾಗುವ ಹಲ್ಲು) ಇನ್ನೂ ಚೆನ್ನಾಗಿದೆ ಆದರೆ ಸೈಡಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಶೋರೂಮಿನವರು ರನ್‌ಫ್ಲ್ಯಾಟೇ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಹಾಕಿಸಿ ಅಂತಾರೆ, ಟೈರ್ ಅಂಗಡಿಯವರು ನಾರ್ಮಲ್ ಸಾಕು ಅಂತಾರೆ, ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ. ನನ್ನ ಹತ್ತಿರವೂ ಅದೇ ಮಾಡೆಲ್ (ಕಂಪನಿಯ ಕೋಡ್ ಇ89) ಇದೆ, ನಾನೂ ಮೈಸೂರಿನವನೇ. ನಾನು ಹಾಕಿಸಿರುವುದು ನಾರ್ಮಲ್. ಹಾಗಂತ ನೀವೂ ಕಣ್ಣುಮುಚ್ಚಿ ಅದನ್ನೇ ಹಾಕಿಸಿ ಅನ್ನುವುದಿಲ್ಲ. ನೀವು ಗಾಡಿ ತಗೊಂಡು ಯಾವ ಕಡೆ ಜಾಸ್ತಿ ಹೋಗುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಒಂದು ಕೆಲಸ ಮಾಡಿ. ಬಟನ್ ನೋಡುವುದು ಬಿಡಿ, ಟೈರಿನ ತಾರೀಖು ನೋಡಿ. ಸೈಡಲ್ಲಿ ಡಿಒಟಿ ಅಂತ ಬರೆದಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು ಅಂತ. ಈ ನಾಲ್ಕು ಅಂಕಿ ಎಷ್ಟೋ ಸಲ ಟೈರಿನ ಒಂದೇ ಮಗ್ಗುಲಲ್ಲಿ ಇರುತ್ತದೆ, ಅದೂ ಒಳಗಡೆಗೆ ಬಂದುಬಿಟ್ಟಿದ್ದರೆ ಗಾಡಿ ಎತ್ತದೆ ಕಾಣಿಸುವುದಿಲ್ಲ. ಇಂಥ ಗಾಡಿಗಳು ವಾರಕ್ಕೊಮ್ಮೆ ಶೆಡ್ಡಿನಿಂದ ಹೊರಗೆ ಬಂದರೆ ಹೆಚ್ಚು, ಹಾಗಾಗಿ ಬಟನ್ ಸವೆಯುವುದೇ ಇಲ್ಲ, ಅಷ್ಟರಲ್ಲಿ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಚೆಕ್ ಮಾಡಿಸಿ, ಹತ್ತು ವರ್ಷ ಆದರೆ ಹೇಗಿದ್ದರೂ ತೆಗೆಯಿರಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ನಿಮ್ಮದರಲ್ಲಿ ಬಿರುಕು ಕಾಣಿಸುತ್ತಿದೆ ಅಂದ ಮೇಲೆ ಬದಲಿಸಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲ.

ಇನ್ನು ಯಾವುದು ಅನ್ನುವ ವಿಷಯ. ಈ ಗಾಡಿಯಲ್ಲಿ ಸ್ಟೆಪ್ನಿ ಇಲ್ಲ, ಇಡಲು ಜಾಗವೂ ಇಲ್ಲ. ಟಾಪ್ ಮಡಚಿ ಡಿಕ್ಕಿಯೊಳಗೆ ಹೋದ ಮೇಲೆ ಎರಡು ಬ್ಯಾಗ್ ಇಡಲೂ ಪರದಾಡಬೇಕು. ಅದಕ್ಕೇ ಕಂಪನಿಯವರು ರನ್‌ಫ್ಲ್ಯಾಟ್ ಕೊಟ್ಟಿರುವುದು. ಅದರ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ದಪ್ಪ, ಗಾಳಿ ಪೂರ್ತಿ ಹೋದರೂ ಗಾಡಿಯ ಭಾರ ತಡೆಯುತ್ತದೆ, ಗಂಟೆಗೆ 80 ಕಿ.ಮೀ. ಮೀರದ ಹಾಗೆ ಸುಮಾರು 80 ಕಿ.ಮೀ. ದೂರ ಓಡಿಸಬಹುದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮದ್ದೂರಿನ ಹತ್ತಿರ ಪಂಕ್ಚರ್ ಆದರೂ ಇಳಿಯದೆ ಮೈಸೂರು ಸೇರಬಹುದು. ಆದರೆ ಬಂದು ಸೇರಿದ ಟೈರ್ ಆಮೇಲೆ ಉಳಿಯುವುದು ಕಷ್ಟ. ಗಾಳಿಯಿಲ್ಲದೆ ಓಡುವಾಗ ಸೈಡ್‌ವಾಲ್ ಬಿಸಿಯಾಗಿ ಒಳಗೇ ಹಾಳಾಗುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅಂಥದ್ದನ್ನು ರಿಮ್ಮಿನಿಂದ ಬಿಚ್ಚಿದಾಗ ಒಳಗಡೆ ಕಪ್ಪು ರಬ್ಬರ್ ಪುಡಿ ಸುರಿಯುತ್ತದೆ, ಕೈ ಹಾಕಿದರೆ ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಆ ಪುಡಿ ಕಂಡರೆ ಪಂಕ್ಚರ್ ಹಾಕಿಸುವ ಮಾತೇ ಬೇಡ, ಹೊಸ ಟೈರೇ ಗತಿ.

ನಮ್ಮ ಕಡೆ ಓಡಿಸುವವರಿಗೆ ಇದರ ಕಷ್ಟ ಬೇರೆ. ಆ ಗಟ್ಟಿ ಸೈಡ್‌ವಾಲ್ ಪ್ರತಿ ಹಂಪನ್ನೂ ಪ್ರತಿ ಗುಂಡಿಯನ್ನೂ ನೇರ ಬೆನ್ನಿಗೆ ಮುಟ್ಟಿಸುತ್ತದೆ. ಹಳೆ ಗಾಡಿ, ಶಾಕ್ ಅಬ್ಸಾರ್ಬರ್ ಕೂಡ ಹಳತು, ಮೇಲೆ ವಯಸ್ಸಾದ ರನ್‌ಫ್ಲ್ಯಾಟ್ ಅಂದರೆ ರಿಂಗ್ ರೋಡಿನ ಜಾಯಿಂಟ್‌ಗಳ ಮೇಲೂ ಗಾಡಿ ಎಗರುತ್ತದೆ. ನಾರ್ಮಲ್ ಹಾಕಿಸಿದ ಮೇಲೆ ನನಗೆ ಮೊದಲು ಗೊತ್ತಾದ ವ್ಯತ್ಯಾಸ ಇದೇ, ಒಳಗಿನ ಕಟಕಟ ಸದ್ದು ಅರ್ಧಕ್ಕರ್ಧ ನಿಂತಿತು. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸಿದ ತಕ್ಷಣ ಕಚ್ಚಿಕೊಳ್ಳುವ ಆ ಚುರುಕು ಸ್ವಲ್ಪ ಕಡಿಮೆಯಾಗಿದೆ ಅನ್ನುವುದೂ ನಿಜ, ಆದರೆ ನಾನೇನು ರೇಸಿಗೆ ಹೋಗುವುದಿಲ್ಲವಲ್ಲ.

ಹಾಗಾದರೆ ರನ್‌ಫ್ಲ್ಯಾಟ್ ಯಾರಿಗೆ ಬೇಕು? ಊಟಿ ಕಡೆ ಜಾಸ್ತಿ ಹೋಗುವವರಿಗೆ. ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ ಕಾಡು ಶುರು, ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆಯೇ ಬಂದ್. ರಾತ್ರಿ ಎಂಟು ಗಂಟೆಗೆ ಕಾಡಿನ ಮಧ್ಯೆ ಟೈರ್ ಪಂಕ್ಚರ್ ಆದರೆ ಇಳಿದು ಪಂಕ್ಚರ್ ಕಿಟ್ ಹುಡುಕುತ್ತಾ ಕೂರುವ ಜಾಗ ಅದಲ್ಲ, ಆನೆ ನಿಮ್ಮ ಗಾಡಿ ಯಾವ ಕಂಪನಿಯದು ಅಂತ ಕೇಳುವುದಿಲ್ಲ. ಅಲ್ಲಿ ರನ್‌ಫ್ಲ್ಯಾಟ್‌ಗೆ ಕೊಟ್ಟ ದುಡ್ಡಿಗೆ ಬೆಲೆ ಇದೆ. ಮನೆಯವರು ಒಬ್ಬರೇ ಗಾಡಿ ತಗೊಂಡು ಹೋಗುತ್ತಾರೆ ಅಂದರೂ ನಾನು ಅದನ್ನೇ ಹೇಳುತ್ತೇನೆ. ನಾನು ಓಡಾಡುವುದು ಊರೊಳಗೆ, ಇಲ್ಲ ಅಂದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರಿಗೆ, ಅಲ್ಲಿ ಫೋನ್ ಮಾಡಿದರೆ ಗಾಡಿ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಬರುತ್ತದೆ.

ನಾರ್ಮಲ್ ಅಂತ ತೀರ್ಮಾನ ಮಾಡಿದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಎರಡು ಅದು ಎರಡು ಇದು ಬೇಡವೇ ಬೇಡ, ಹಿಂದೆ ಗಟ್ಟಿ ಮುಂದೆ ಮೆತ್ತಗೆ ಆದರೆ ಮಳೆಯಲ್ಲಿ ಗಾಡಿ ಯಾವಾಗ ಹೇಗೆ ತಿರುಗುತ್ತದೆ ಅಂತ ಹೇಳಲಾಗುವುದಿಲ್ಲ. ರಿಮ್ ಬದಲಿಸುವ ಅಗತ್ಯ ಇಲ್ಲ, ರನ್‌ಫ್ಲ್ಯಾಟ್ ರಿಮ್ಮಿಗೆ ನಾರ್ಮಲ್ ಟೈರ್ ಆರಾಮಾಗಿ ಕೂರುತ್ತದೆ. ಡಿಕ್ಕಿಯಲ್ಲಿ ಒಂದು ಗಾಳಿ ಹೊಡೆಯುವ ಪಂಪು, ತೂತು ಮುಚ್ಚುವ ಸೀಲಂಟ್ ಡಬ್ಬಿ, ಪಂಕ್ಚರ್ ಸ್ಟ್ರಿಪ್ಪು ಇಟ್ಟುಕೊಳ್ಳಿ. ಸೀಲಂಟಿಗೂ ಎಕ್ಸ್‌ಪೈರಿ ಇದೆ, ಡಬ್ಬಿ ಮೇಲೆ ನೋಡಿ. ಮೊಳೆ ಚುಚ್ಚಿದ ತೂತಿಗೆ ಇದು ಸಾಕು. ಸೈಡ್ ಹರಿದರೆ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ, ಆಗ ಲಾರಿಯೇ.

ಸೈಜಿನ ಬಗ್ಗೆ ಸ್ವಲ್ಪ ಹಟ ಹಿಡಿಯಿರಿ. 18 ಇಂಚಿನ ರಿಮ್ ಇದ್ದರೆ ಸಾಮಾನ್ಯವಾಗಿ ಮುಂದೆ 225/40, ಹಿಂದೆ 255/35 (ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಸೈಡಿನ ಎತ್ತರ ಆ ಅಗಲದ ಎಷ್ಟು ಪರ್ಸೆಂಟ್ ಅಂತ). ಹಿಂದಿನ ಸೈಜ್ ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ, ಆರ್ಡರ್ ಮಾಡಿ ತರಿಸಬೇಕು. (ಊರಲ್ಲೇ ವಿಕ್ರಾಂತ್, ಅಂದರೆ ಈಗಿನ ಜೆಕೆ ಟೈರ್ ಫ್ಯಾಕ್ಟರಿ ಇಟ್ಟುಕೊಂಡು ನಾವು ಟೈರಿಗೆ ಬೆಂಗಳೂರಿನ ದಾರಿ ಕಾಯುವುದು, ಏನು ಮಾಡೋದು.) ಅಷ್ಟರಲ್ಲಿ ಯಾರಾದರೂ 245/40 ಇದೆ, ಹಾಕಿಬಿಡೋಣ ಸಾರ್, ಏನೂ ಆಗಲ್ಲ ಅಂತಾರೆ. ಒಪ್ಪಬೇಡಿ. ಅದರ ಸುತ್ತಳತೆ ಬೇರೆ, ವ್ಯಾಸದಲ್ಲೇ ಸುಮಾರು 17 ಮಿ.ಮೀ. ಜಾಸ್ತಿ ಆಗುತ್ತದೆ. ನಾಲ್ಕು ಚಕ್ರ ಎಷ್ಟು ಸ್ಪೀಡಲ್ಲಿ ತಿರುಗುತ್ತಿವೆ ಅಂತ ಹೋಲಿಸಿ ನೋಡಿಯೇ ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಕೆಲಸ ಮಾಡುವುದು, ಅದಕ್ಕೆ ತಪ್ಪು ಲೆಕ್ಕ ಕೊಟ್ಟ ಹಾಗಾಗುತ್ತದೆ. ಸೈಜಿನ ಪಕ್ಕದ ಅಕ್ಷರ (ಟೈರ್ ತಡೆಯುವ ಗರಿಷ್ಠ ಸ್ಪೀಡಿನ ಗುರುತು) ಡಬ್ಲ್ಯು ಅಥವಾ ವೈ ಇರಲಿ. ಹೊಸ ಟೈರಿನ ತಾರೀಖನ್ನೂ ನೋಡಿಯೇ ದುಡ್ಡು ಕೊಡಿ, ಅಪರೂಪದ ಸೈಜು ಗೋಡೌನಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಮತ್ತೆ ರನ್‌ಫ್ಲ್ಯಾಟೇ ಬೇಕಾದರೆ ಒಂದೊಂದು ಕಂಪನಿಯ ಗುರುತು ಒಂದೊಂದು: ಬ್ರಿಡ್ಜ್‌ಸ್ಟೋನ್‌ನಲ್ಲಿ ಆರ್‌ಎಫ್‌ಟಿ, ಮಿಶೆಲಿನ್‌ನಲ್ಲಿ ಝಡ್‌ಪಿ, ಕಾಂಟಿನೆಂಟಲ್‌ನಲ್ಲಿ ಎಸ್‌ಎಸ್‌ಆರ್.

ಹಾಕಿಸುವ ಅಂಗಡಿ ಟೈರಿನಷ್ಟೇ ಮುಖ್ಯ. ಹಳೆ ರನ್‌ಫ್ಲ್ಯಾಟ್ ಬಿಚ್ಚುವುದು ಹರಸಾಹಸ, ಸೈಡ್‌ವಾಲ್ ಬಗ್ಗುವುದೇ ಇಲ್ಲ. ಪಕ್ಕದಿಂದ ಒತ್ತಿಹಿಡಿಯುವ ಎಕ್ಸ್‌ಟ್ರಾ ತೋಳು ಇರುವ ಮೆಷಿನ್ ಬೇಕು. ಕಬ್ಬಿಣದ ಪಟ್ಟಿ ಹಾಕಿ ಮೀಟಲು ಹೊರಟರೆ ಅಲಾಯ್ ಗೀರುತ್ತದೆ, ವಾಲ್ವಿನ ಹಿಂದೆ ಪ್ರೆಶರ್ ಸೆನ್ಸರ್ ಇದ್ದರೆ ಅದೂ ಮುರಿಯುತ್ತದೆ. ಸೆನ್ಸರ್ ಇಲ್ಲದ ಗಾಡಿಗಳು ಚಕ್ರದ ಸ್ಪೀಡ್ ನೋಡಿ ಗಾಳಿ ಕಡಿಮೆ ಅಂತ ಹೇಳುತ್ತವೆ. ಯಾವುದೇ ಆದರೂ ಹೊಸ ಟೈರ್ ಹಾಕಿದ ಮೇಲೆ ಮೆನುವಿನಲ್ಲಿ ರೀಸೆಟ್ ಮಾಡಿಸಿ. ನೈಟ್ರೋಜನ್ ಹಿಡಿಸಿ ಅಂತ ಬಲವಂತ ಮಾಡುತ್ತಾರೆ, ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ಅದೇ ಇದೆ, ಸುಮ್ನೆ ಖರ್ಚು. ಆ ದುಡ್ಡಲ್ಲಿ ಅಲೈನ್‌ಮೆಂಟ್ ಮಾಡಿಸಿ.

ಜಾಕ್ ಕೊಡುವಾಗ ಪಕ್ಕದಲ್ಲೇ ನಿಂತಿರಿ. ಗಾಡಿ ನೆಲಕ್ಕೆ ಹತ್ತಿರ, ಮಾಮೂಲಿ ಜಾಕ್ ಕೆಳಗೆ ಹೋಗುವುದಿಲ್ಲ. ಬಾಗಿಲ ಕೆಳಗೆ ಜಾಕಿಗೆ ಅಂತಲೇ ಪ್ಲಾಸ್ಟಿಕ್ ಪ್ಯಾಡ್ ಇದೆ, ಅಲ್ಲೇ ಕೊಡಬೇಕು, ಬೇರೆ ಕಡೆ ಕೊಟ್ಟರೆ ತಗಡು ನೆಗ್ಗುತ್ತದೆ. ಇದರಲ್ಲಿ ನಟ್ ಅಲ್ಲ, ಬೋಲ್ಟು. ಗನ್ನಿನಲ್ಲಿ ಟರ್ರ್ ಅಂತ ಬಿಗಿದು ಬಿಡುವುದಕ್ಕೆ ಬಿಡಬೇಡಿ. ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿಸಿ, ಒಂದೈವತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಂದು ಸಲ ಚೆಕ್ ಮಾಡಿಸಿ.