ಟರ್ಬೊ ಗಾಡಿಯ ಮೈಲೇಜ್: ಲೆಕ್ಕ ತಪ್ಪುವುದೆಲ್ಲಿ, ಪೆಟ್ರೋಲ್ ಹೋಗುವುದೆಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ಒಂದು ಅಥವಾ 1.2 ಲೀಟರ್‌ನ ಟರ್ಬೊ ಪೆಟ್ರೋಲ್ ಕಾರು ಕೊಂಡೆವು, ಹೇಳಿದ ಮೈಲೇಜ್ ಬರುತ್ತಿಲ್ಲ. (ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ.) ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೀಟರ್ ಪರದೆ 17.4 ಎನ್ನುತ್ತದೆ. ಬಂಕ್ ಬಿಲ್ ಹಿಡಿದು ಲೆಕ್ಕ ಹಾಕಿದರೆ ಒಮ್ಮೆ 14, ಇನ್ನೊಮ್ಮೆ 16. ಯಾವುದನ್ನು ನಂಬಲಿ? ಬಂಕ್‌ನಲ್ಲೇ ಅಳತೆ ಕಡಿಮೆ ಇರಬಹುದೇ? (ದಾವಣಗೆರೆ)

ಪರದೆಯ ಅಂಕಿ ಪೆಟ್ರೋಲನ್ನು ಅಳೆದು ಬಂದದ್ದಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಂಪ್ಯೂಟರ್ ಕಟ್ಟಿದ ಅಂದಾಜು ಅದು. ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಆದರೆ ಆ ತಪ್ಪು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರುವುದರಿಂದ ನಿನ್ನೆಗೂ ಇವತ್ತಿಗೂ ಹೋಲಿಸಲು ಪರದೆ ಸಾಕು. ನಿಜವಾದ ಅಂಕಿ ಬೇಕಿದ್ದರೆ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್ ಲೆಕ್ಕವೇ ಆಗಬೇಕು.

ಅದರಲ್ಲೂ ಎಡವುವವರೇ ಹೆಚ್ಚು. ಪಂಪಿನ ನಾಜಲ್ ‘ಟಕ್’ ಎಂದು ತಾನಾಗಿ ನಿಲ್ಲುವ ಮಟ್ಟ ಪ್ರತಿಸಲವೂ ಒಂದೇ ಇರುವುದಿಲ್ಲ. ನೆಲದ ಇಳಿಜಾರು, ಪಂಪಿನ ವೇಗ, ನೊರೆ, ನಾಜಲ್ ಎಷ್ಟು ಒಳಗೆ ಹೋಗಿದೆ ಎಂಬುದರ ಮೇಲೆ ಒಂದು ಲೀಟರ್ ಆಚೀಚೆ ಆಗುವುದು ಮಾಮೂಲು. 130 ಕಿ.ಮೀ. ಓಡಿಸಿ 10 ಲೀಟರ್ ಹಾಕಿಸಿದಿರಿ ಎನ್ನಿ. ಒಂದು ಲೀಟರ್ ಹೆಚ್ಚುಕಡಿಮೆಯಾದರೆ ನಿಮ್ಮ ಉತ್ತರ 11.8ರಿಂದ 14.4ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಅದೇ 35 ಲೀಟರ್‌ನಂತೆ ಮೂರು ಸಲ ತುಂಬಿಸಿ ಒಟ್ಟು 1,365 ಕಿ.ಮೀ.ಗೆ 105 ಲೀಟರ್ ಎಂದು ಲೆಕ್ಕ ಹಾಕಿದರೆ 12.9ರಿಂದ 13.1ರ ಒಳಗೇ ಉತ್ತರ ಬರುತ್ತದೆ. ಏಕೆಂದರೆ ನಡುವಿನ ತುಂಬುವಿಕೆಗಳ ತಪ್ಪು ಮುಂದಿನದರಲ್ಲಿ ಸರಿಹೋಗುತ್ತದೆ. ಉಳಿಯುವುದು ಮೊದಲ ಮತ್ತು ಕೊನೆಯ ಸಲದ್ದು ಮಾತ್ರ.

ಹಾಗಾಗಿ ಒಂದೇ ಬಂಕ್, ಒಂದೇ ಪಂಪು, ಗಾಡಿಯ ಮುಖ ಒಂದೇ ಕಡೆ. ಮೊದಲ ‘ಟಕ್’ಗೆ ನಿಲ್ಲಿಸಿ. ಚಿಲ್ಲರೆ ಸರಿ ಮಾಡಲೆಂದು ಮೇಲೆ ಒತ್ತಿ ಹಾಕಿಸಿದರೆ ಲೆಕ್ಕ ಕೆಡುವುದಷ್ಟೇ ಅಲ್ಲ, ಟ್ಯಾಂಕಿನ ಆವಿ ಹಿಡಿಯುವ ಇದ್ದಿಲಿನ ಕ್ಯಾನಿಸ್ಟರ್‌ಗೆ ಪೆಟ್ರೋಲ್ ನುಗ್ಗುತ್ತದೆ. ಅದನ್ನು ಬದಲಿಸುವ ಖರ್ಚು ಉಳಿಸಿದ ಪೆಟ್ರೋಲಿಗಿಂತ ಎಷ್ಟೋ ಜಾಸ್ತಿ. ಮೂರ್ನಾಲ್ಕು ಸಲ ತುಂಬಿಸಿದ ಮೇಲೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಬಿಡಿ ಮೈಲೇಜುಗಳ ಸರಾಸರಿ ತೆಗೆಯಬೇಡಿ: ಹೆದ್ದಾರಿಯಲ್ಲಿ 610 ಕಿ.ಮೀ.ಗೆ 33 ಲೀಟರ್, ಊರೊಳಗೆ 140 ಕಿ.ಮೀ.ಗೆ 14 ಲೀಟರ್ ಆಗಿದ್ದರೆ 18.5 ಮತ್ತು 10ರ ಸರಾಸರಿ 14.2 ಬರುತ್ತದೆ, ನಿಜ ಇರುವುದು 16ರ ಹತ್ತಿರ.

ಬಂಕ್ ಮೇಲೆ ಅನುಮಾನವಿದ್ದರೆ ಅಲ್ಲೇ ಇರುವ, ಮಾಪನ ಇಲಾಖೆಯ ಮುದ್ರೆಯ 5 ಲೀಟರ್ ಅಳತೆ ಪಾತ್ರೆಗೆ ಹಿಡಿದು ತೋರಿಸಿ ಎಂದು ಕೇಳಿ. ಗ್ರಾಹಕರಿಗೆ ಆ ಹಕ್ಕಿದೆ. 25 ಮಿ.ಲೀ. ಆಚೀಚೆ ಇರಲು ಅವಕಾಶವುಂಟು, ಅಂದರೆ ಶೇ 0.5. ನಿಮ್ಮ 14–16ರ ವ್ಯತ್ಯಾಸಕ್ಕೆ ಅದು ಕಾರಣವಲ್ಲ.

ಪ್ರಶ್ನೆ: ಕಂಪನಿ 19 ಎಂದಿದೆ. ಬೆಂಗಳೂರಿನಲ್ಲಿ ನನಗೆ 9.5 ಬರುತ್ತಿದೆ. ಎಂಜಿನ್ ದೋಷವೇ? (ಬೆಂಗಳೂರು)

ದೋಷ ಇರಲಿಕ್ಕಿಲ್ಲ. ಪರದೆಯಲ್ಲಿ ಸರಾಸರಿ ವೇಗ ಎಷ್ಟಿದೆ ನೋಡಿ. ಪ್ರಮಾಣಪತ್ರದ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್ ಮೇಲೆ, ಎ.ಸಿ. ಆಫ್ ಮಾಡಿ, ಗರಿಷ್ಠ 90 ಕಿ.ಮೀ. ವೇಗದಲ್ಲಿ. ಅಲ್ಲಿನ ಸರಾಸರಿ ವೇಗ ಗಂಟೆಗೆ 30 ಕಿ.ಮೀ. ದಾಟುತ್ತದೆ. ಬೆಳಿಗ್ಗೆ ಒಂಬತ್ತರ ಸಿಲ್ಕ್ ಬೋರ್ಡ್‌ನಲ್ಲಿ ಯಾರಿಗೆ ಸಿಗುತ್ತದೆ ಆ ವೇಗ? ನಿಂತಲ್ಲೇ ಎ.ಸಿ. ಹಾಕಿಕೊಂಡಿರುವ ಸಣ್ಣ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಸರಾಸರಿ 15ರಲ್ಲಿ ಸಾಗುವ ದಾರಿಯಲ್ಲಿ 9–11 ಸಹಜ. ಮೈಲೇಜ್ ಬರೆದಿಡುವಾಗ ಪಕ್ಕದಲ್ಲಿ ಸರಾಸರಿ ವೇಗವನ್ನೂ ಬರೆಯಿರಿ. ಅದಿಲ್ಲದೆ ಎರಡು ತಿಂಗಳ ಅಂಕಿಗಳನ್ನು ಹೋಲಿಸುವುದರಲ್ಲಿ ಹುರುಳಿಲ್ಲ.

ಮೂರು–ನಾಲ್ಕು ಕಿ.ಮೀ. ಓಡಿ ಮತ್ತೆ ನಿಲ್ಲುವ ಗಾಡಿಯಾದರೆ ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿಯೇ ಬೇಕು. ಚಿಕ್ಕಪುಟ್ಟ ಓಡಾಟಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಇದಕ್ಕಿರುವ ಮದ್ದು.

ಪ್ರಶ್ನೆ: ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ನನ್ನ 1.0 ಟರ್ಬೊಗಿಂತ ಗೆಳೆಯರ 1.5 ಲೀಟರ್ ಸಾದಾ ಎಂಜಿನ್ನೇ ಹೆಚ್ಚು ಮೈಲೇಜ್ ಕೊಡುತ್ತದೆ. ಸಣ್ಣ ಎಂಜಿನ್ ಕಡಿಮೆ ಕುಡಿಯಬೇಕಲ್ಲವೇ? (ಹಾವೇರಿ)

ಟರ್ಬೊ ಕಾರೆಂದರೆ ಒಂದೇ ಬಾನೆಟ್ ಅಡಿಯಲ್ಲಿ ಎರಡು ಎಂಜಿನ್ ಎಂದುಕೊಳ್ಳಿ. ಕಾಲು ಹಗುರವಾಗಿದ್ದಾಗ ಒಂದು ಲೀಟರ್‌ನ ಮಿತವ್ಯಯಿ. ಟರ್ಬೊ ಗಾಳಿ ತುಂಬಲು ಶುರುಮಾಡಿದೊಡನೆ ದೊಡ್ಡ ಎಂಜಿನ್‌ನಷ್ಟು ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್. ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ಒತ್ತಿ ತುಂಬಿದ ಬಿಸಿಗಾಳಿಯಿಂದ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಬಡಿಯುವುದು) ಬರುವ ಭಯವಿರುವುದರಿಂದ ಕಂಪ್ಯೂಟರ್ ಕಿಡಿಯನ್ನು ತಡವಾಗಿ ಹೊತ್ತಿಸುತ್ತದೆ. ತಡವಾಗಿ ಉರಿದ ಶಾಖ ಪಿಸ್ಟನ್ ತಳ್ಳುವ ಬದಲು ಸೈಲೆನ್ಸರ್ ದಾರಿ ಹಿಡಿಯುತ್ತದೆ. ಇನ್ನೂ ಒತ್ತಿದರೆ ಟರ್ಬೊದ ಟರ್ಬೈನ್ ಮತ್ತು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡದಂತೆ ಎಷ್ಟೋ ಎಂಜಿನ್‌ಗಳು ಹೆಚ್ಚುವರಿ ಪೆಟ್ರೋಲ್ ಸುರಿದು ತಂಪು ಮಾಡುತ್ತವೆ. ಅದು ಶಕ್ತಿಗಾಗಿ ಸುರಿದ ಪೆಟ್ರೋಲ್ ಅಲ್ಲ, ಬೆವರಿನ ಹಾಗೆ.

ಇದನ್ನು ಕಣ್ಣಾರೆ ನೋಡಬಹುದು. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಅನ್ನು ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ, ಫೋನಿನ ಆ್ಯಪ್‌ನಲ್ಲಿ ‘ಮ್ಯಾನಿಫೋಲ್ಡ್ ಪ್ರೆಶರ್’ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ) ತೆರೆಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿದರೆ ಕಾಣುವುದು ಆ ಊರಿನ ವಾತಾವರಣದ ಒತ್ತಡ: ಮಂಗಳೂರಿನಲ್ಲಿ 101 ಕಿಲೊಪಾಸ್ಕಲ್ ಆಸುಪಾಸು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91. ಓಡುವಾಗ ಅಂಕಿ ಅದಕ್ಕಿಂತ ಮೇಲೆ ಹೋದರೆ ಟರ್ಬೊ ತುಂಬುತ್ತಿದೆ ಎಂದರ್ಥ. ಫೋನನ್ನು ಪಕ್ಕದಲ್ಲಿ ಕುಳಿತವರ ಕೈಗೆ ಕೊಡಿ, ಓಡಿಸುತ್ತಾ ನೋಡಬೇಡಿ.

ಸಮತಟ್ಟಿನಲ್ಲಿ 90ರಲ್ಲಿ ಹೋಗುವಾಗ ಒತ್ತಡ ವಾತಾವರಣಕ್ಕಿಂತ ಸಾಕಷ್ಟು ಕೆಳಗಿರುತ್ತದೆ. 110ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ. ಮೇಲೆ ನಾಲ್ಕು ಜನ, ಲಗೇಜು, ಎದುರುಗಾಳಿ, ಒಂದು ಸಣ್ಣ ಏರು ಸೇರಿದರೆ ಟರ್ಬೊ ಎದ್ದು ಕೂರುತ್ತದೆ. 1.5 ಲೀಟರ್ ಎಂಜಿನ್‌ಗೆ ಅದೇ ಹೊರೆ ಆರಾಮ. ಗೆಳೆಯರ ಗಾಡಿ ಅಲ್ಲಿ ಗೆದ್ದದ್ದು ಹೀಗೆ. 85–95ರಲ್ಲಿ ಇಬ್ಬರೂ ಹೋಗಿ ನೋಡಿ, ಅಂತರ ಮಾಯವಾಗಬಹುದು, ಅದಲುಬದಲೂ ಆಗಬಹುದು. ಮುಂದೆ ಏರು ಕಂಡರೆ ಮೊದಲೇ ಸ್ವಲ್ಪ ವೇಗ ಕೂಡಿಸಿಕೊಂಡು, ಏರಿನಲ್ಲಿ ಐದಾರು ಕಿ.ಮೀ. ವೇಗ ಇಳಿಯಲು ಬಿಡಿ. ಕ್ರೂಸ್ ಕಂಟ್ರೋಲ್ ಹೀಗೆ ಬಿಡುವುದಿಲ್ಲ, ಏರಿನಲ್ಲೂ ಹಟ ಹಿಡಿದು ಅದೇ ವೇಗ ಕಾಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: ಆರ್‌ಪಿಎಂ ಕಡಿಮೆಯಾದಷ್ಟೂ ಮೈಲೇಜ್ ಎಂದು 1,200ರಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ತುಳಿಯುವುದು. ನೇರ ಇಂಜೆಕ್ಷನ್‌ನ (ಸಿಲಿಂಡರಿನ ಒಳಗೇ ಪೆಟ್ರೋಲ್ ಚಿಮ್ಮಿಸುವ) ಟರ್ಬೊಗಳಲ್ಲಿ ಇದು ಅಪಾಯ. ಕಿಡಿ ಹೊತ್ತುವ ಮೊದಲೇ ಮಿಶ್ರಣ ತಾನಾಗಿ ಉರಿದು ಪಿಸ್ಟನ್ನೇ ಒಡೆಯಬಹುದು. 2020ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್) ಎಸ್‌ಪಿ ದರ್ಜೆಯ ಆಯಿಲ್‌ಗೆ ಇದನ್ನು ತಡೆಯುವ ಪರೀಕ್ಷೆಯೂ ಇದೆ. ಸುಮಾರು 2,000ಕ್ಕೆ ಗೇರ್ ಮೇಲೇರಿಸಿ. ಎಳೆತ ಬೇಕೆನಿಸಿದಾಗ ತುಳಿಯುವ ಮೊದಲು ಒಂದು ಗೇರ್ ಇಳಿಸಿ.

ಪ್ರಶ್ನೆ: ಶಿರಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ? (ಪುತ್ತೂರು)

ಇಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಓಡಲು ಪೆಟ್ರೋಲ್ ಬೇಕು. ಗೇರ್‌ನಲ್ಲಿಟ್ಟು ಕಾಲು ಎತ್ತಿದರೆ ಇಂಜೆಕ್ಟರ್ ಪೂರ್ತಿ ಮುಚ್ಚುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಖರ್ಚು ಸೊನ್ನೆ. ಆಗ ಪರದೆಯ ತತ್‌ಕ್ಷಣದ ಮೈಲೇಜ್ ಗರಿಷ್ಠಕ್ಕೆ ಅಂಟಿಕೊಂಡಿರುತ್ತದೆ. ನ್ಯೂಟ್ರಲ್‌ನಲ್ಲಿ ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾದು ಹಿಡಿಯದೆ ಹೋದರೆ ಘಾಟಿಯ ತಿರುವಿನಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಸರ್ವಿಸ್ ಆದ ಮೇಲೆ ಮೈಲೇಜ್ 16ರಿಂದ 13ಕ್ಕೆ ಬಿತ್ತು. ಎಂಜಿನ್ ಲೈಟ್ ಹತ್ತಿಲ್ಲ. ಗ್ಯಾರೇಜಿನವರು ಎಲ್ಲ ಸರಿಯಿದೆ ಎನ್ನುತ್ತಾರೆ. (ಶಿವಮೊಗ್ಗ)

ದುಡ್ಡು ಖರ್ಚಾಗದ ಕೆಲಸಗಳಿಂದ ಶುರುಮಾಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಗಾಳಿ ನೋಡಿ. ಹತ್ತು ಕಿ.ಮೀ. ಓಡಿದ ಟೈರು 3–4 ಪಿಎಸ್‌ಐ ಹೆಚ್ಚೇ ತೋರಿಸುತ್ತದೆ, ಆ ಅಂಕಿ ನಂಬಬೇಡಿ. ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ 33 ಇದ್ದು ಸರ್ವಿಸ್‌ನವರು 28 ಇಟ್ಟಿದ್ದರೆ ಶೇ 1ರಷ್ಟು ಹೋಯಿತು. ದೊಡ್ಡದಲ್ಲ, ಆದರೆ ಸರಿಮಾಡಲು ಖರ್ಚಿಲ್ಲ.

ಬಳಿಕ ಬ್ರೇಕ್. ಹದಿನೈದು ಕಿ.ಮೀ. ಓಡಿಸಿ, ಕೊನೆಯಲ್ಲಿ ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಎಡ–ಬಲದಲ್ಲಿ ಒಂದು ಮಾತ್ರ ಝಳ ಹೊಡೆಯುತ್ತಿದ್ದರೆ ಬ್ರೇಕ್ ಒತ್ತಿ ಹಿಡಿಯುವ ಅದರ ಕ್ಯಾಲಿಪರ್ ಬಿಡುತ್ತಿಲ್ಲ. ಜಾಕ್ ಹಾಕಿ ಕೈಯಲ್ಲಿ ತಿರುಗಿಸಿದರೆ ಗೊತ್ತಾಗಿಬಿಡುತ್ತದೆ. ಬಹಳ ಸಲ ಒಣಗಿದ ಸ್ಲೈಡ್ ಪಿನ್‌ಗೆ ಬ್ರೇಕ್ ಗ್ರೀಸ್ ಸವರಿದರೆ ಸಾಕು.

ಆಮೇಲೆ ಸ್ಕ್ಯಾನರ್. ಹೆದ್ದಾರಿಯಲ್ಲಿ ಕಾಲು ಗಂಟೆ ಓಡಿದ ಮೇಲೂ ಕೂಲಂಟ್ 75 ಡಿಗ್ರಿ ದಾಟದಿದ್ದರೆ ಕೂಲಂಟ್ ಹರಿವನ್ನು ಬಿಸಿಗೆ ತಕ್ಕಂತೆ ತಡೆಯುವ ಥರ್ಮೊಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ. ಎಂಜಿನ್ ತನಗೆ ಇನ್ನೂ ಚಳಿ ಎಂದುಕೊಂಡು ಪೆಟ್ರೋಲ್ ಹೆಚ್ಚು ಹಾಕುತ್ತಿರುತ್ತದೆ. ‘ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್’ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡಿ ಸರಿದೂಗಿಸುತ್ತಿದೆ ಎಂಬ ಅಂಕಿ) ಶೇ 5ರ ಆಚೀಚೆ ಇದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ +10ಕ್ಕಿಂತ ಹೆಚ್ಚಿದ್ದು 2,500 ಆರ್‌ಪಿಎಂನಲ್ಲಿ ಇಳಿದರೆ ಥ್ರಾಟಲ್ ನಂತರ ಎಲ್ಲೋ ಗಾಳಿ ಒಳಗೆ ಸೋರುತ್ತಿದೆ.

ಸರ್ವಿಸ್ ನಂತರ ಎಂದಿರುವುದರಿಂದ ನಮ್ಮ ಮೊದಲ ಅನುಮಾನ ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ, ಟರ್ಬೊದಿಂದ ಆ ಬಿಸಿಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಪೈಪುಗಳ ಮೇಲೆ. ಕ್ಲಿಪ್ ಸರಿಯಾಗಿ ಕೂರದಿದ್ದರೆ ತುಂಬಿದ ಗಾಳಿ ಸೋರಿ, ಟರ್ಬೊ ಅಷ್ಟೇ ಕೆಲಸಕ್ಕೆ ದುಪ್ಪಟ್ಟು ದುಡಿಯುತ್ತದೆ. ಎರಡನೇ ಗೇರ್‌ನಲ್ಲಿ ಒತ್ತಿದಾಗ ‘ಉಸ್ಸ್’ ಎಂಬ ಸದ್ದು, ಜೋಡಣೆಯ ಬಳಿ ತಾಜಾ ಎಣ್ಣೆ ಒದ್ದೆಯಾಗಿ ಧೂಳು ಹಿಡಿದಿರುವುದು ಇದರ ಗುರುತು. ಪೈಪಿನ ಒಳಗೆ ತೆಳುವಾಗಿ ಎಣ್ಣೆ ಇರುವುದು ಮಾಮೂಲು, ಹೊರಗೆ ಬಂದಿದ್ದರೆ ಮಾತ್ರ ಸೋರಿಕೆ. ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ (ಪೈಪುಗಳಿಗೆ ಹೊಗೆ ಬಿಟ್ಟು ಸೋರಿಕೆ ನೋಡುವುದು) ಮಾಡಿಸಿದರೆ ಹತ್ತು ನಿಮಿಷದಲ್ಲಿ ಜಾಗ ಸಿಗುತ್ತದೆ.

ಬಿಲ್‌ನಲ್ಲಿ ಆಯಿಲ್ ದರ್ಜೆ ಓದಿ. ಕೈಪಿಡಿ 0ಡಬ್ಲ್ಯು-20 ಹೇಳಿದ್ದು ಅದಕ್ಕಿಂತ ಮಂದವಾದ 15ಡಬ್ಲ್ಯು-40 ಸುರಿದಿದ್ದರೆ ಅಲ್ಲಿಯೂ ನಷ್ಟ. ಪ್ಲಗ್ ಬದಲಿಸಿದ್ದರೆ ಗ್ಯಾಪ್ ಅಳೆಸಿ: ಟರ್ಬೊಗಳಲ್ಲಿ ಅದು ಸಾಮಾನ್ಯವಾಗಿ 0.7–0.8 ಮಿ.ಮೀ. ಸಾದಾ ಎಂಜಿನ್‌ನ 1.1 ಮಿ.ಮೀ. ಪ್ಲಗ್ ಹಾಕಿದರೆ ಒತ್ತಡ ಏರಿದಾಗ ಕಿಡಿ ಹಾರದೆ ಹೋಗಬಹುದು. ಏರ್ ಫಿಲ್ಟರ್ ಕೊಳೆಯಾಗಿತ್ತೆಂಬ ನೆಪವನ್ನು ಮಾತ್ರ ಒಪ್ಪಬೇಡಿ. ಇಂಜೆಕ್ಷನ್ ಎಂಜಿನ್‌ನಲ್ಲಿ ಅದರಿಂದ ಪಿಕಪ್ ಕುಂದಬಹುದು, ಮೈಲೇಜ್ ಇಷ್ಟು ಬೀಳುವುದಿಲ್ಲ.

ಪ್ರಶ್ನೆ: ಮೈಲೇಜ್ ಬಿದ್ದದ್ದಕ್ಕೆಲ್ಲ ಇ20 ಪೆಟ್ರೋಲೇ ಕಾರಣ ಎನ್ನುತ್ತಾರೆ, ನಿಜವೇ? (ಕಲಬುರಗಿ)

ಸ್ವಲ್ಪ ನಿಜ. ಇ20 ಎಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಇ10 ಎಂದರೆ ಶೇ 10. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥೆನಾಲ್‌ನಲ್ಲಿ 21. ಹತ್ತರ ಮಿಶ್ರಣದಿಂದ ಇಪ್ಪತ್ತಕ್ಕೆ ಹೋದಾಗ ಲೀಟರಿನ ಶಕ್ತಿ ಶೇ 3.5ರಷ್ಟು ಇಳಿಯುತ್ತದೆ. 15 ಕೊಡುತ್ತಿದ್ದ ಗಾಡಿ 14.5 ಕೊಟ್ಟರೆ ಅದು ಎಥೆನಾಲ್ ಲೆಕ್ಕ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ನಷ್ಟ ಶೇ 6–7 ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 15 ಇದ್ದದ್ದು 12ಕ್ಕೆ ಇಳಿದಿದ್ದರೆ ಎಥೆನಾಲನ್ನು ಬೈದು ಸುಮ್ಮನಾಗಬೇಡಿ, ಮೇಲಿನ ಉತ್ತರದಂತೆ ಪರೀಕ್ಷಿಸಿ.

ಪ್ರಶ್ನೆ: 195/55 ಆರ್16 ತೆಗೆದು 205/60 ಆರ್16 ಟೈರ್ ಹಾಕಿಸಿದೆ. ಮೈಲೇಜ್ ಒಂದು ಕಿ.ಮೀ. ಕಡಿಮೆಯಾಯಿತು. (ಮೈಸೂರು)

ಅದರಲ್ಲಿ ಬಹುಪಾಲು ಮೀಟರಿನ ಸುಳ್ಳು. ಹಳೆಯ ಟೈರಿನ ವ್ಯಾಸ 621 ಮಿ.ಮೀ., ಹೊಸದರದ್ದು 652. ನೀವು 105 ಕಿ.ಮೀ. ಓಡಿದಾಗ ಮೀಟರ್ 100 ಎನ್ನುತ್ತದೆ. ಲೆಕ್ಕಕ್ಕೆ ಬಂದ ಮೈಲೇಜನ್ನು 1.05ರಿಂದ ಗುಣಿಸಿ ನೋಡಿ. ಉಳಿದ ಕೊರತೆ ಮಾತ್ರ ಟೈರಿನ ತೂಕ, ಅಗಲದ್ದು. ವೇಗದ ಮುಳ್ಳೂ ಈಗ ಅಷ್ಟೇ ಕಡಿಮೆ ತೋರಿಸುತ್ತದೆ, ಹೆದ್ದಾರಿಯ ಕ್ಯಾಮೆರಾ ಇರುವಲ್ಲಿ ನೆನಪಿರಲಿ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಹಾಕುವ ಕ್ಲೀನರ್? (ಬಳ್ಳಾರಿ)

ಆಯಸ್ಕಾಂತದಿಂದ ಏನೂ ಆಗದು. ಕ್ಲೀನರ್ ಇಂಜೆಕ್ಟರ್ ಮೂತಿಯನ್ನು ಶುಚಿ ಮಾಡಬಹುದು. ಆದರೆ ನೇರ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ಒಳಬಾಗಿಲಿನ ವಾಲ್ವನ್ನು ಮುಟ್ಟುವುದೇ ಇಲ್ಲ, ಅಲ್ಲಿ ಕಟ್ಟಿದ ಮಸಿಯನ್ನು ಯಾವ ಬಾಟಲಿಯೂ ತೆಗೆಯದು. ಅದಕ್ಕೆ ಮ್ಯಾನಿಫೋಲ್ಡ್ ಬಿಚ್ಚಿ ವಾಲ್‌ನಟ್ ಚಿಪ್ಪಿನ ಪುಡಿ ಊದಿ ತೆಗೆಯಬೇಕು, ಅದೂ ಐಡಲ್ ನಡುಗತೊಡಗಿದ ಮೇಲೆ.