ಟ್ಯಾಲಿ–ಶಾಪಿಫೈ ಸಿಂಕ್: ಸೆಟಪ್ ಕೆಲಸವನ್ನು ಸ್ಕ್ರಿಪ್ಟ್‌ಗೆ ಬಿಡುವ ಮುಂಚೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಸಾಫ್ಟ್‌ವೇರ್ ಸರ್ವೀಸ್ ಆಫೀಸು. ಪಾತ್ರೆ, ಬಟ್ಟೆ, ಮಸಾಲೆ ಅಂಗಡಿಯವರು ಟ್ಯಾಲಿಪ್ರೈಮ್‌ನಲ್ಲಿ ಲೆಕ್ಕ ಇಡುತ್ತಾರೆ, ಶಾಪಿಫೈನಲ್ಲಿ ಆನ್‌ಲೈನ್ ಮಾರುತ್ತಾರೆ. ಸ್ಟಾಕ್, ರೇಟು, ಆರ್ಡರ್ ಎರಡೂ ಕಡೆ ಸಿಂಕ್ ಆಗುವಂತೆ ಮಾಡಿಕೊಡುತ್ತೇವೆ. ಪ್ರತಿ ಗಿರಾಕಿಗೂ ಮ್ಯಾಪಿಂಗ್ (ಇಲ್ಲಿಯ ಯಾವುದು ಅಲ್ಲಿಯ ಯಾವುದಕ್ಕೆ ಸೇರಬೇಕು ಅನ್ನುವ ಜೋಡಣೆ) ಕೈಯಲ್ಲೇ ಕೂರಿಸಬೇಕು, ದಿನಗಟ್ಟಲೆ ಹಿಡಿಯುತ್ತದೆ. ಈ ಸೆಟಪ್ಪನ್ನೇ ಆಟೋಮ್ಯಾಟಿಕ್ ಮಾಡಬಹುದೇ?

ಉತ್ತರ: ಬಹುಪಾಲು ಮಾಡಬಹುದು. ಸ್ಕ್ರಿಪ್ಟ್ (ತಾನೇ ಓಡುವ ಚಿಕ್ಕ ಪ್ರೋಗ್ರಾಮ್) ಮಾಡಲಾಗದ ಒಂದು ಕೆಲಸವಿದೆ, ಅದನ್ನು ಮೊದಲು ಮುಗಿಸಿ.

ಗಿರಾಕಿ ‘ಎರಡೂ ಕಡೆ ಸಿಂಕ್ ಬೇಕು’ ಅಂದಾಗ ಎಲ್ಲ ಕಾಲಮ್ಮೂ ಎರಡೂ ಕಡೆ ಓಡಾಡಬೇಕಿಲ್ಲ. ರೇಟು ಬದಲಾಯಿಸುವವರು ಯಾರು? ಯಜಮಾನರು, ಟ್ಯಾಲಿಯಲ್ಲಿ. ಹಾಗಾದರೆ ರೇಟು ಟ್ಯಾಲಿಯಿಂದ ಶಾಪಿಫೈಗೆ ಮಾತ್ರ ಹೋಗಲಿ. ಫೋಟೊ, ವಿವರಣೆ ಶಾಪಿಫೈನಲ್ಲೇ ಇರಲಿ, ಟ್ಯಾಲಿಗೆ ಅವು ಬೇಕಾಗಿಯೇ ಇಲ್ಲ. ಆರ್ಡರ್ ಹುಟ್ಟುವುದು ಶಾಪಿಫೈನಲ್ಲಿ. ನಿಜವಾಗಿ ಎರಡೂ ಕಡೆಯಿಂದ ಅಲ್ಲಾಡುವುದು ಸ್ಟಾಕ್ ಒಂದೇ. ಯಾವ ಮಾಹಿತಿಗೆ ಯಾವ ಕಡೆ ಯಜಮಾನಿಕೆ ಅನ್ನುವುದನ್ನು ಅಂಗಡಿಯವರ ಜೊತೆ ಕೂತು ಬರೆದುಕೊಳ್ಳಿ. ಆಮೇಲೆ ಅದನ್ನು ಗಿರಾಕಿಗೊಂದರಂತೆ ಒಂದು ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್‌ಗೆ ಇಳಿಸಿ: ಟ್ಯಾಲಿ ಕಂಪನಿ ಹೆಸರು, ಗೋಡೌನ್, ಸೇಲ್ಸ್ ಮತ್ತು ಜಿಎಸ್‌ಟಿ ಲೆಡ್ಜರ್‌ಗಳು, ಶಾಪಿಫೈ ಲೊಕೇಶನ್, ಪ್ರತಿ ಫೀಲ್ಡ್ ಹೋಗುವ ದಿಕ್ಕು. ಕೋಡ್ ಎಲ್ಲರಿಗೂ ಒಂದೇ ಇರಲಿ. ಒಬ್ಬ ಗಿರಾಕಿಗೆ ಅಂತ ಕೋಡ್ ಮುಟ್ಟಿದಿರೋ, ಮತ್ತೆ ಕೈಕೆಲಸ ಶುರು.

ಮುಂದಿನದು ಸ್ಕ್ರಿಪ್ಟ್‌ನ ಪಾಲು. ಟ್ಯಾಲಿಪ್ರೈಮ್ ಸರ್ವರ್ ಆಗಿಯೂ ಕೆಲಸ ಮಾಡುತ್ತದೆ. ಕನೆಕ್ಟಿವಿಟಿ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಸಾಮಾನ್ಯವಾಗಿ 9000ನೇ ಪೋರ್ಟ್‌ನಲ್ಲಿ ಎಕ್ಸ್‌ಎಂಎಲ್ (ಪ್ರೋಗ್ರಾಮ್‌ಗಳ ನಡುವೆ ಮಾಹಿತಿ ಸಾಗಿಸುವ ರೂಪ) ತೆಗೆದುಕೊಳ್ಳುತ್ತದೆ, ಉತ್ತರವನ್ನೂ ಕೊಡುತ್ತದೆ. ಇದಕ್ಕೆ ಟ್ಯಾಲಿ ಓಡುತ್ತಿರಬೇಕು, ಕಂಪನಿ ತೆರೆದಿರಬೇಕು. ಮಾಸ್ಟರ್‌ಗಳನ್ನು (ಐಟಂ, ಖಾತೆಯಂಥ ಮೂಲ ದಾಖಲೆಗಳು) ಮತ್ತು ವೋಚರ್‌ಗಳನ್ನು (ವ್ಯವಹಾರದ ನಮೂದುಗಳು) ಕಳಿಸುವಾಗ ಕ್ರಮ ತಪ್ಪಬಾರದು. ಮೊದಲು ಯೂನಿಟ್, ಗ್ರೂಪ್, ಗೋಡೌನ್, ಆಮೇಲೆ ಸ್ಟಾಕ್ ಐಟಂ ಮತ್ತು ಲೆಡ್ಜರ್, ಕೊನೆಗೆ ವೋಚರ್. ‘ನಂಬರ್ಸ್’ ಅನ್ನುವ ಯೂನಿಟ್ಟೇ ಇಲ್ಲದಿದ್ದರೆ ಐಟಂ ಒಳಗೆ ಹೋಗುವುದಿಲ್ಲ. ಟ್ಯಾಲಿಯಿಂದ ಉತ್ತರ ಬಂದ ಮಾತ್ರಕ್ಕೆ ಕೆಲಸ ಆಯಿತು ಅಂದುಕೊಳ್ಳಬೇಡಿ. ಎಷ್ಟು ಹೊಸದಾಗಿ ಸೇರಿತು, ಎಷ್ಟು ಬದಲಾಯಿತು, ಎಷ್ಟು ತಪ್ಪಾಯಿತು ಅನ್ನುವ ಲೆಕ್ಕ ಆ ಉತ್ತರದ ಒಳಗೇ ಇರುತ್ತದೆ. ಸ್ಕ್ರಿಪ್ಟ್ ಅದನ್ನು ಓದಲೇಬೇಕು.

ಐಟಂಗಳನ್ನು ಜೋಡಿಸುವಾಗ ಮಾತ್ರ ಅವಸರ ಬೇಡ. ಟ್ಯಾಲಿಯಲ್ಲಿ ‘ಸ್ಟೀಲ್ ಡಬ್ಬಿ 2 ಲೀ’, ಶಾಪಿಫೈನಲ್ಲಿ ‘2 ಲೀಟರ್ ಸ್ಟೀಲ್ ಕಂಟೇನರ್’ ಇದ್ದರೆ ಹೆಸರು ನೋಡಿ ಜೋಡಿಸುವ ಜಾಣತನ ಸ್ಕ್ರಿಪ್ಟ್‌ಗೆ ಕೊಡಬೇಡಿ. ಎಸ್‌ಕೆಯು (ಪ್ರತಿ ಸರಕಿಗೆ ಕೊಡುವ ಕೋಡ್) ಒಂದೇ ಆಗಿದ್ದರೆ ಜೋಡಿಸಲಿ, ಉಳಿದವನ್ನು ಒಂದು ಶೀಟ್‌ಗೆ ಹಾಕಿ ಅಂಗಡಿಯವರ ಕೈಗೆ ಕೊಡಲಿ. ಒಂದೇ ಎಸ್‌ಕೆಯು ಎರಡು ವೇರಿಯಂಟ್‌ಗೆ (ಒಂದೇ ಸರಕಿನ ಬೇರೆ ಬೇರೆ ಅಳತೆ, ಬಣ್ಣ) ಹಾಕಿದರೂ ಶಾಪಿಫೈ ತಡೆಯುವುದಿಲ್ಲ, ಅದನ್ನೂ ಮೊದಲೇ ಹುಡುಕಿಸಿ. ಜೋಡಿ ಒಪ್ಪಿಗೆಯಾದ ಮೇಲೆ ಟ್ಯಾಲಿಯ ಜಿಯುಐಡಿ (ಐಟಂಗೆ ಟ್ಯಾಲಿ ತಾನೇ ಕೊಡುವ ಗುರುತು) ಮತ್ತು ಶಾಪಿಫೈ ಐಡಿ ಎರಡನ್ನೂ ನಿಮ್ಮ ಡೇಟಾಬೇಸ್‌ನಲ್ಲಿ ಬರೆದಿಡಿ. ನಾಳೆ ಹೆಸರು ಬದಲಾದರೂ ಜೋಡಿ ಮುರಿಯುವುದಿಲ್ಲ.

ಈಗ ಸ್ಟಾಕ್. ಜಾಸ್ತಿ ಜನ ಎಡವುವುದು ಇಲ್ಲೇ. ಎರಡೂ ಕಡೆ 10 ಕುಕ್ಕರ್ ಇವೆ ಅನ್ನಿ. ಆನ್‌ಲೈನ್‌ನಲ್ಲಿ 3 ಮಾರಾಟವಾಯಿತು, ಶಾಪಿಫೈನಲ್ಲಿ 7 ಉಳಿಯಿತು. ಅಂಗಡಿಯ ಪಿಸಿ ಆಫ್ ಆಗಿತ್ತು, ಆರ್ಡರ್ ಇನ್ನೂ ಟ್ಯಾಲಿಗೆ ಹೋಗಿಲ್ಲ. ಪಿಸಿ ಆನ್ ಆದ ಕೂಡಲೇ ಸಿಂಕ್ ಟ್ಯಾಲಿಯ 10ನ್ನು ಓದಿ ಶಾಪಿಫೈಗೆ ಬರೆಯಿತು. ಮಾರಿಹೋದ 3 ಕುಕ್ಕರ್ ಮತ್ತೆ ಮಾರಾಟಕ್ಕೆ ನಿಂತವು! ಆದ್ದರಿಂದ ಶಾಪಿಫೈನಿಂದ ಟ್ಯಾಲಿಗೆ ಸ್ಟಾಕ್ ಸಂಖ್ಯೆ ಕಳಿಸಲೇಬೇಡಿ, ಸೇಲ್ಸ್ ವೋಚರ್ ಮಾತ್ರ ಕಳಿಸಿ, ಸ್ಟಾಕನ್ನು ಟ್ಯಾಲಿಯೇ ಇಳಿಸಿಕೊಳ್ಳುತ್ತದೆ. ಕಾದಿರುವ ಆರ್ಡರ್‌ಗಳೆಲ್ಲ ಒಳಗೆ ಹೋದ ಮೇಲಷ್ಟೇ ಟ್ಯಾಲಿಯ ಸಂಖ್ಯೆ ಹೊರಗೆ ಹೋಗಲಿ. ಯಾವುದಾದರೂ ಆರ್ಡರ್ ಸಿಕ್ಕಿಕೊಂಡಿದ್ದರೆ ಅಷ್ಟನ್ನು ಕಳೆದು ಕಳಿಸಿ.

ಆರ್ಡರ್ ಬಂದ ಸುದ್ದಿಯನ್ನು ಶಾಪಿಫೈ ವೆಬ್‌ಹುಕ್‌ನಲ್ಲಿ (ನಿಮ್ಮ ಸರ್ವರ್‌ಗೆ ತಾನಾಗಿ ಕಳಿಸುವ ಸಂದೇಶ) ತಿಳಿಸುತ್ತದೆ. 5 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ಸೋತಿತು ಅಂತ ಎಣಿಸಿ ಮತ್ತೆ ಕಳಿಸುತ್ತದೆ. ಹಾಗಾಗಿ ಕ್ಲೌಡ್‌ನಲ್ಲಿ ಒಂದು ಚಿಕ್ಕ ಸರ್ವರ್ ಇಟ್ಟು, ಸುದ್ದಿಯನ್ನು ಕ್ಯೂಗೆ (ಸರದಿಗೆ) ಹಾಕಿ ತಕ್ಷಣ ಸರಿ ಅಂದುಬಿಡಿ. ಅಂಗಡಿಯ ಪಿಸಿಯಲ್ಲಿರುವ ಪ್ರೋಗ್ರಾಮ್ ಬಿಡುವಾದಾಗ ಅಲ್ಲಿಂದ ಎತ್ತಿಕೊಳ್ಳಲಿ. ರೂಟರ್‌ನಲ್ಲಿ 9000ನೇ ಪೋರ್ಟನ್ನು ಹೊರಗಿನವರಿಗೆ ತೆರೆಯಬೇಡಿ, ದಯವಿಟ್ಟು. ಒಂದೇ ಆರ್ಡರ್ ಎರಡು ಸಲ ಬರುವುದು ಸಹಜ. ವೋಚರ್ ಎಕ್ಸ್‌ಎಂಎಲ್‌ನ ರಿಮೋಟ್ ಐಡಿಯಲ್ಲಿ (ವೋಚರ್‌ನ ಗುರುತು ಹಾಕುವ ಜಾಗ) ಆರ್ಡರ್‌ನ ಐಡಿ ಹಾಕಿ, ಕಳಿಸುವ ಮುಂಚೆ ನಿಮ್ಮ ಡೇಟಾಬೇಸ್‌ನಲ್ಲೂ ಒಮ್ಮೆ ನೋಡಿಕೊಳ್ಳಿ. ಬಿಲ್ ಆದ ಆರ್ಡರ್ ವಾಪಸ್ ಬಂದರೆ ವೋಚರ್ ಅಳಿಸಬೇಡಿ, ಕ್ರೆಡಿಟ್ ನೋಟ್ ಹಾಕಿಸಿ. ಇಲ್ಲದಿದ್ದರೆ ಜಿಎಸ್‌ಟಿ ರಿಟರ್ನ್ ಹೊತ್ತಿಗೆ ಅವರ ಆಡಿಟರ್ ಫೋನು ನಿಮಗೇ ಬರುತ್ತದೆ.

ಟ್ಯಾಲಿಯಲ್ಲಿ ಏನು ಬದಲಾಯಿತು ಅಂತ ತಿಳಿಯಲು ಆಲ್ಟರ್ ಐಡಿ ಇದೆ. ಏನೇ ತಿದ್ದಿದರೂ ಆ ಸಂಖ್ಯೆ ಏರುತ್ತದೆ. ಹಿಂದಿನ ಸಲ ನೋಡಿದ ಸಂಖ್ಯೆಗಿಂತ ದೊಡ್ಡವನ್ನು ಮಾತ್ರ ಕೇಳಿದರೆ ಸಾಕು.

ಸೆಟಪ್ ಸ್ಕ್ರಿಪ್ಟನ್ನು ಎರಡನೇ ಸಲ ಓಡಿಸಿದರೂ ಎರಡೆರಡು ವೆಬ್‌ಹುಕ್, ಎರಡೆರಡು ಲೆಡ್ಜರ್ ಹುಟ್ಟಬಾರದು. ಏನನ್ನೂ ಬರೆಯದೆ, ‘ಇಷ್ಟು ಮಾಡಲಿದ್ದೇನೆ’ ಅಂತ ಪಟ್ಟಿ ಕೊಡುವ ಪೂರ್ವಪರೀಕ್ಷೆಯೂ ಇರಲಿ. ಟ್ಯಾಲಿ ಡೇಟಾದ ಬ್ಯಾಕಪ್ ತೆಗೆದು, ಕಾಪಿಯ ಮೇಲೆ ಮೊದಲು ಓಡಿಸಿ.

ಪ್ರಶ್ನೆ: ನಮ್ಮದು ಎರಡು ಆನ್‌ಲೈನ್ ಸಾಫ್ಟ್‌ವೇರ್‌ಗಳ ನಡುವಿನ ಸಿಂಕ್. ಝೇಪಿಯರ್‌ನಲ್ಲಿ (ಸಾಫ್ಟ್‌ವೇರ್‌ಗಳನ್ನು ಜೋಡಿಸುವ ಆನ್‌ಲೈನ್ ಸೇವೆ) ಆ ಕಡೆಗೊಂದು, ಈ ಕಡೆಗೊಂದು ಝ್ಯಾಪ್ (ತಾನಾಗಿ ಓಡುವ ಕೆಲಸ) ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ಮೊದಲನೆಯದು ತಿದ್ದಿದ್ದನ್ನು ಎರಡನೆಯದು ಹೊಸ ಬದಲಾವಣೆ ಅಂದುಕೊಂಡು ವಾಪಸ್ ಕಳಿಸುತ್ತದೆ. ಅದು ಮತ್ತೆ ಮೊದಲನೆಯದನ್ನು ಎಬ್ಬಿಸುತ್ತದೆ. ಸುಮ್ನೆ ಸುತ್ತುತ್ತಲೇ ಇರುತ್ತದೆ, ನಿಮ್ಮ ಟಾಸ್ಕ್ ಕೋಟಾ (ಪ್ಲಾನ್‌ನಲ್ಲಿ ಸಿಗುವ ಕೆಲಸಗಳ ಮಿತಿ) ಕರಗುತ್ತದೆ. ಸಿಂಕ್‌ಗೆಂದೇ ಬೇರೆ ಯೂಸರ್ ಮಾಡಿ, ಆ ಯೂಸರ್ ತಿದ್ದಿದ್ದನ್ನು ಫಿಲ್ಟರ್ ಮಾಡಿ. ಅದಾಗದಿದ್ದರೆ ಕೊನೆಗೆ ಕಳಿಸಿದ ಮಾಹಿತಿ ಏನೆಂದು ಬರೆದಿಟ್ಟುಕೊಳ್ಳಿ. ಬಂದದ್ದೂ ಅದೇ ಆಗಿದ್ದರೆ ಝ್ಯಾಪ್ ಅಲ್ಲೇ ನಿಲ್ಲಲಿ.